ಎಮಿಲ್ ಝಾಟೊಪೆಕ್: ಬೇಡ ಎಂದವನ ಓಟ

ಪರೀಕ್ಷೆಗೆ ಓದೋದಕ್ಕೂ ಮ್ಯಾರಥಾನ್ ತಯಾರಿಗೂ ಒಂದು ಹೋಲಿಕೆ ಉಂಟು. ಮೊದಲ ವಾರದ ಉತ್ಸಾಹ ಮೂರನೇ ವಾರಕ್ಕೆ ಎಲ್ಲಿ ಹೋಯ್ತೋ ಗೊತ್ತಾಗೋದಿಲ್ಲ. ಈ ಮೂರನೇ ವಾರವನ್ನು ಗೆದ್ದವನೊಬ್ಬನ ಕಥೆ ಇದು.

ಎಮಿಲ್ ಝಾಟೊಪೆಕ್ ಹುಟ್ಟಿದ್ದು 1922ರ ಸೆಪ್ಟೆಂಬರ್ 19ರಂದು, ಆಗಿನ ಚೆಕೊಸ್ಲೊವಾಕಿಯದಲ್ಲಿ. ಅಪ್ಪ ಬಡಗಿ, ಮನೆ ತುಂಬ ಮಕ್ಕಳು. ಹದಿಹರೆಯದಲ್ಲೇ ಹುಡುಗ ಝ್ಲಿನ್ ಊರಿನ ಬಾಟಾ ಕಾರ್ಖಾನೆಗೆ ಸೇರಿದ. ಹೌದು, ನಮ್ಮ ಪೇಟೆಗಳಲ್ಲೂ ಅಂಗಡಿ ಇಟ್ಟಿರೋ ಅದೇ ಬಾಟಾ! 1941ರಲ್ಲಿ ಕಾರ್ಖಾನೆಯ ಓಟದ ಪಂದ್ಯಕ್ಕೆ ಹೆಸರು ಕೊಡು ಅಂದಾಗ ಮೈಯಲ್ಲಿ ಶಕ್ತಿ ಇಲ್ಲ ಅಂತ ಜಾರಿಕೊಳ್ಳಲು ನೋಡಿದ. ಡಾಕ್ಟರು ಬಿಡಲಿಲ್ಲ. ಓಡಿದ ನೂರು ಜನರಲ್ಲಿ ಎರಡನೆಯವನಾಗಿ ಬಂದ. ಆಮೇಲೆ ಅವನನ್ನು ಓಟದಿಂದ ಬಿಡಿಸಲು ಯಾರಿಗೂ ಆಗಲಿಲ್ಲ.

ಅವನು ಓಡುವ ರೀತಿಯೇನೂ ಚಂದ ಇರಲಿಲ್ಲ. ತಲೆ ಒಂದು ಕಡೆ ವಾಲಿ, ಮುಖ ಹಿಂಡಿಕೊಂಡು, ಯಾರೋ ಹೊಡೆಯುತ್ತಿದ್ದಾರೇನೋ ಅನ್ನೋ ಹಾಗೆ ಓಡುತ್ತಿದ್ದ. ಆದರೆ ದೂರದ ದಾರಿಯನ್ನು ತುಂಡು ಮಾಡಿಕೊಳ್ಳೋ ಉಪಾಯ ಕಂಡುಕೊಂಡಿದ್ದ. 400 ಮೀಟರ್ ಜೋರಾಗಿ ಓಟ, ಸ್ವಲ್ಪ ನಿಧಾನ, ಮತ್ತೆ 400 ಮೀಟರ್. ಹೀಗೆ ಒಂದೇ ದಿನ ಇಪ್ಪತ್ತು ಸಲ. ಮುಂದೆ ನಲವತ್ತಕ್ಕೂ ಮೀರಿ. ಎಷ್ಟು ಮೈಲಿ ಉಳಿದಿದೆ ಅಂತ ಯೋಚಿಸುವ ಬದಲು ಈ ಒಂದು ಸುತ್ತು ಮುಗಿದರೆ ಸಾಕು. ಬೇಸರಕ್ಕೆ ಜಾಗವೇ ಇಲ್ಲ! ಸೈನ್ಯಕ್ಕೆ ಸೇರಿದ ಮೇಲೆ ಭಾರದ ಬೂಟು ಹಾಕಿಕೊಂಡೇ ಕಾಡಿನಲ್ಲಿ, ಹಿಮದಲ್ಲಿ ಓಡಿದ. ಮನೆಯಲ್ಲಿ ಒಗೆಯೋ ಬಟ್ಟೆಯನ್ನು ತೊಟ್ಟಿಗೆ ಹಾಕಿ ಅದರ ಮೇಲೇ ನಿಂತಲ್ಲಿ ಓಡುತ್ತಿದ್ದನಂತೆ. ಅಭ್ಯಾಸವನ್ನೇ ಆಟ ಮಾಡಿಕೊಂಡವನಿಗೆ ನೆಪ ಸಿಗೋದು ಕಷ್ಟ.

1948ರ ಲಂಡನ್ ಒಲಿಂಪಿಕ್ಸಿನಲ್ಲಿ 10,000 ಮೀಟರಿನ ಚಿನ್ನ ಬಂತು. 5,000 ಮೀಟರಿನಲ್ಲಿ ಬರೀ 0.2 ಸೆಕೆಂಡಿನಿಂದ ಚಿನ್ನ ತಪ್ಪಿತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಎರಡನ್ನೂ ಗೆದ್ದ. ಅವನು 5,000 ಮೀಟರ್ ಗೆದ್ದ ದಿನವೇ ಹೆಂಡತಿ ಡಾನಾ ಈಟಿ ಎಸೆತದಲ್ಲಿ ಚಿನ್ನ ಗೆದ್ದಳು. ಗಂಡ ಹೆಂಡಿರು ಹುಟ್ಟಿದ್ದೂ ಒಂದೇ ದಿನ! ಆಮೇಲೆ ಜುಲೈ 27ಕ್ಕೆ, ಜೀವಮಾನದಲ್ಲಿ ಒಮ್ಮೆಯೂ ಓಡದ ಮ್ಯಾರಥಾನಿಗೆ ಇಳಿದ. ನಡುದಾರಿಯಲ್ಲಿ ಬ್ರಿಟನ್ನಿನ ಜಿಮ್ ಪೀಟರ್ಸ್ ಹತ್ತಿರ ಹೋಗಿ ಈ ವೇಗ ಸರಿಯೇ ಅಂತ ಕೇಳಿದ. ದಣಿದಿದ್ದ ಪೀಟರ್ಸ್ ಅದನ್ನು ತೋರಗೊಡದೆ, ತೀರಾ ನಿಧಾನ ಅಂದುಬಿಟ್ಟ. ಝಾಟೊಪೆಕ್ ಅದನ್ನೇ ನಂಬಿ ಮುಂದೆ ಹೊರಟ. ಪೀಟರ್ಸ್ ಓಟ ಮುಗಿಸಲಿಲ್ಲ. ಇವನು 2 ಗಂಟೆ 23 ನಿಮಿಷ 3 ಸೆಕೆಂಡಿನಲ್ಲಿ ಮುಗಿಸಿದ. ಎಂಟು ದಿನದಲ್ಲಿ ಮೂರು ಚಿನ್ನ. ಆ ಮೂರನ್ನೂ ಒಂದೇ ಒಲಿಂಪಿಕ್ಸಿನಲ್ಲಿ ಗೆದ್ದವರು ಬೇರೆ ಯಾರೂ ಇಲ್ಲ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದಾಗ ಇವನು ಬಹಿರಂಗವಾಗಿ ವಿರೋಧಿಸಿದ. ಸೈನ್ಯದ ಹುದ್ದೆ ಹೋಯಿತು, ಪಕ್ಷವೂ ಹೊರಗೆ ಹಾಕಿತು. ಮನೆ ಬಿಟ್ಟು ದೂರದಲ್ಲಿ, ನೆಲ ಕೊರೆಯುವವರ ಜೊತೆ ವರ್ಷಗಟ್ಟಲೆ ಮೈಮುರಿದು ದುಡಿದ. ಒತ್ತಡಕ್ಕೆ ಸಿಕ್ಕಿ ಆಡಿದ ಮಾತನ್ನು ಹಿಂತೆಗೆದುಕೊಂಡದ್ದೂ ಉಂಟು. ಅದಕ್ಕೆ ಅವನನ್ನು ಟೀಕಿಸಿದವರೂ ಇದ್ದಾರೆ. ಓಟದ ದಣಿವನ್ನು ತಡೆಯೋ ಮನಸ್ಸಿಗೂ ತಡೆಯಲಾಗದ ದಣಿವು ಇರುತ್ತದೆ. ಅವನನ್ನು ದೇವರು ಮಾಡೋದು ಬೇಡ.

ಆದರೆ ಒಂದು ಸಂಗತಿ ಮರೆಯುವಂಥದಲ್ಲ. ಆಸ್ಟ್ರೇಲಿಯದ ರಾನ್ ಕ್ಲಾರ್ಕ್ ಎಷ್ಟೋ ವಿಶ್ವದಾಖಲೆ ಮಾಡಿದರೂ ಒಲಿಂಪಿಕ್ ಚಿನ್ನ ಕಾಣದವನು. 1966ರಲ್ಲಿ ಪ್ರಾಗ್‌ಗೆ ಬಂದು ಹೊರಟಾಗ ಝಾಟೊಪೆಕ್ ಅವನ ಕೈಗೆ ಸಣ್ಣ ಪೊಟ್ಟಣವೊಂದನ್ನು ಇಟ್ಟ. ಆಮೇಲೆ ಬಿಚ್ಚಿ ನೋಡಿದರೆ ಒಳಗೆ 1952ರ 10,000 ಮೀಟರಿನ ಚಿನ್ನದ ಪದಕ!

ಝಾಟೊಪೆಕ್ ತೀರಿಕೊಂಡದ್ದು 2000ದ ನವೆಂಬರಿನಲ್ಲಿ. ಪದಕವನ್ನೇ ಕೊಟ್ಟುಬಿಟ್ಟವನು ಅಷ್ಟು ವರ್ಷ ಹಿಮದಲ್ಲಿ ಓಡಿದ್ದು ಬರೀ ಪದಕದ ಆಸೆಗೆ ಅಂತ ಹೇಳೋಕಾಗುತ್ತದೆಯೇ? ಓಟವೇ ಅವನಿಗೆ ಇಷ್ಟವಾಗಿತ್ತು. ಮಿತ್ರರೇ, ನಾಳೆ ಬೆಳಿಗ್ಗೆ ಮೈದಾನಕ್ಕೋ ಪುಸ್ತಕದ ಮುಂದಕ್ಕೋ ಹೋಗಲು ಮನಸ್ಸು ಬಾರದಿದ್ದರೆ ಒಂದೇ ಒಂದು ಸುತ್ತು ಓಡಿ ನೋಡಿ. ಎರಡನೆಯದರ ಚಿಂತೆ ಆಮೇಲೆ.