ಶಿವಗಂಗೆಯ ತುದಿಯಲ್ಲಿ ಶಾಂತಲೆಯ ನೆನಪು

ಟಿ. ದಾಸರಹಳ್ಳಿ: ಪೀಣ್ಯ, ದಾಸರಹಳ್ಳಿ, ನಾಗಸಂದ್ರ ಭಾಗದ ಕಾರ್ಮಿಕರಿಗೂ ವಿದ್ಯಾರ್ಥಿಗಳಿಗೂ ರಜಾದಿನದ ಬೆಟ್ಟವೆಂದರೆ ಶಿವಗಂಗೆ. ತುಮಕೂರು ರಸ್ತೆಯಲ್ಲಿ ನೆಲಮಂಗಲವನ್ನು ದಾಟಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಈ ಒಂಟಿ ಬೆಟ್ಟದ ಬುಡ ಸೇರಬಹುದು. ಪೂರ್ವದಿಂದ ನೋಡಿದರೆ ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುತ್ತದೆಂಬುದು ಭಕ್ತರ ನಂಬಿಕೆ.

ಚಾರಣ ಆರಂಭದಲ್ಲಿ ಸುಲಭ. ಗವಿಯೊಳಗಿನ ಗಂಗಾಧರೇಶ್ವರನ ಸನ್ನಿಧಿಯವರೆಗೆ ಅಗಲವಾದ ಮೆಟ್ಟಿಲುಗಳಿವೆ. ಅಲ್ಲಿಂದ ಮೇಲಕ್ಕೆ ಬಂಡೆಯನ್ನೇ ಕಡಿದು ಮಾಡಿದ ಕಿರುಮೆಟ್ಟಿಲುಗಳು, ಕಬ್ಬಿಣದ ಕಂಬಿಗಳು. ಕಲ್ಲಿನ ಕುಳಿಯೊಳಗೆ ಕೈಯಿಟ್ಟು ನೀರು ಸಿಗುವುದೇ ಎಂದು ಭಾಗ್ಯ ಪರೀಕ್ಷಿಸುವ ಒಳಕಲ್ಲು ತೀರ್ಥ ದಾರಿಯಲ್ಲೇ ಇದೆ. ಅದರಾಚೆಗೆ ಏರು ಕಡಿದಾಗುತ್ತದೆ. ಕೋಡುಗಲ್ಲಿನ ನೆತ್ತಿಯ ಬಸವಣ್ಣನನ್ನು ಕಂಡು, ಇನ್ನೂ ಮೇಲೇರಿ ತುದಿ ಮುಟ್ಟುವ ಹೊತ್ತಿಗೆ ಎಂಥವರಿಗೂ ಏದುಸಿರು ಬರುತ್ತದೆ. ಸಮುದ್ರಮಟ್ಟದಿಂದ 1,300 ಮೀಟರಿಗೂ ಮಿಗಿಲಾದ ಎತ್ತರವದು. ಆ ತುದಿಯಲ್ಲಿ ಒಂದು ಪ್ರಪಾತದ ಅಂಚನ್ನು ತೋರಿಸಿ, ಹೊಯ್ಸಳರ ರಾಣಿ ಶಾಂತಲೆ ಇಲ್ಲಿಂದಲೇ ಧುಮುಕಿ ಪ್ರಾಣ ಬಿಟ್ಟಳೆಂದು ಹೇಳುವುದು ವಾಡಿಕೆ. ಬಂದವರು ಇಣುಕಿ ನೋಡುತ್ತಾರೆ, ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಆಕೆಯ ಬಾಳಿನ ಕಥೆ ಮಾತ್ರ ಬಹುಮಂದಿಗೆ ತಿಳಿಯದೆ ಉಳಿಯುತ್ತದೆ.

ಎರಡು ಧರ್ಮಗಳ ಮನೆ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ. ಮಗಳು ತಾಯಿಯ ಧರ್ಮವನ್ನು ಅನುಸರಿಸಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಕೈಹಿಡಿದದ್ದು ಬಿಟ್ಟಿದೇವನೆಂದೂ ಹೆಸರಾದ ಹೊಯ್ಸಳ ದೊರೆ ವಿಷ್ಣುವರ್ಧನನನ್ನು. ಚೋಳರಿಂದ ತಲಕಾಡನ್ನು ಗೆದ್ದುಕೊಂಡ ಈ ಅರಸ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಸಂಪ್ರದಾಯ ಹೇಳುತ್ತದೆ. ಪಟ್ಟದರಸಿ ಮಾತ್ರ ಕೊನೆಯವರೆಗೂ ಜೈನಳಾಗಿಯೇ ಉಳಿದಳು. ಹಾಗೆಂದು ಆಕೆ ಇತರ ದೇವರುಗಳಿಂದ ದೂರ ಸರಿಯಲಿಲ್ಲ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ, ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಹಳೇಬೀಡಿನ ಜೋಡಿ ಶಿವಾಲಯದಲ್ಲಿ ಒಂದು ಲಿಂಗಕ್ಕೆ ಹೊಯ್ಸಳೇಶ್ವರನೆಂದೂ, ಮತ್ತೊಂದಕ್ಕೆ ರಾಣಿಯ ಹೆಸರಿನಲ್ಲಿ ಶಾಂತಲೇಶ್ವರನೆಂದೂ ಹೆಸರಿದೆ.

ಗಾಯನ, ವಾದ್ಯ, ನೃತ್ಯ ಮೂರರಲ್ಲೂ ಆಕೆ ನಿಪುಣೆಯಾಗಿದ್ದಳೆಂದು ಶಾಸನಗಳು ಹೊಗಳುತ್ತವೆ. ಬೇಲೂರಿನ ದರ್ಪಣಸುಂದರಿಗೆ ಆಕೆಯೇ ರೂಪದರ್ಶಿ ಎಂಬ ಮಾತು ಜನಜನಿತವಾಗಿದ್ದರೂ ಅದಕ್ಕೆ ಶಾಸನಾಧಾರವಿಲ್ಲ.

ಚಿಕ್ಕಬೆಟ್ಟದ ಬಸದಿ

ಶಾಂತಲೆಯ ನಿಜವಾದ ಸ್ಮಾರಕ ಇರುವುದು ಇನ್ನೊಂದು ಬೆಟ್ಟದ ಮೇಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ 1123ರಲ್ಲಿ ಆಕೆ ಶಾಂತಿನಾಥ ತೀರ್ಥಂಕರನಿಗೆ ಬಸದಿಯೊಂದನ್ನು ಕಟ್ಟಿಸಿ, ಅದರ ಪೂಜೆ ಹಾಗೂ ಮುನಿಗಳ ಆಹಾರದಾನಕ್ಕೆ ಮೊಟ್ಟೆನವಿಲೆ ಗ್ರಾಮವನ್ನು ಬಿಟ್ಟುಕೊಟ್ಟಳು. ಅದಕ್ಕೆ ಸವತಿಗಂಧವಾರಣ ಬಸದಿ ಎಂಬ ಹೆಸರು ಬಂದುದು ಆಕೆಯ ಬಿರುದಿನಿಂದ. ಸವತಿಯರ ಪಾಲಿಗೆ ಮದಗಜದಂಥವಳು ಎಂಬುದು ಅದರ ತಾತ್ಪರ್ಯ. ಹಲವು ರಾಣಿಯರಿದ್ದ ಅಂತಃಪುರದಲ್ಲಿ ತನ್ನ ಸ್ಥಾನವನ್ನು ಬಿಟ್ಟುಕೊಡದ ಹೆಣ್ಣಿನ ಚಿತ್ರ ಇಲ್ಲಿ ಕಾಣುತ್ತದೆ. ಮಕ್ಕಳಿಲ್ಲದ ಕೊರಗಿನಿಂದ, ಪತಿಗೆ ಮತ್ತೊಂದು ವಿವಾಹವಾಗಲೆಂದು ಬೆಟ್ಟದಿಂದ ಹಾರಿಕೊಂಡ ದುರ್ಬಲೆಯ ಜನಪ್ರಿಯ ಚಿತ್ರಕ್ಕೂ ಈ ಬಿರುದಿಗೂ ಹೊಂದಾಣಿಕೆಯಾಗುವುದು ಕಷ್ಟ.

ಶಾಸನ ಹೇಳುವುದೇನು?

ಆಕೆಯ ಮರಣದ ಬಗ್ಗೆ ಮುಖ್ಯ ಆಧಾರ ಇದೇ ಚಿಕ್ಕಬೆಟ್ಟದ ಮೇಲಿನ ಒಂದು ಶಾಸನ. ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಹೊರಬಂದಿತು. ಈ ಶಾಸನದ ಪ್ರಕಾರ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರ, ಅಂದರೆ 1131ರಲ್ಲಿ, ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ದೇಹತ್ಯಾಗ ಮಾಡಿ ಸ್ವರ್ಗಸ್ಥಳಾದಳು. ಪ್ರಪಾತದ ಮಾತಾಗಲಿ, ಧುಮುಕಿದ ಮಾತಾಗಲಿ ಅದರಲ್ಲಿಲ್ಲ. ಅಲ್ಲಿ ಬಳಕೆಯಾಗಿರುವ ಮುಡಿಪು ಎಂಬ ಕ್ರಿಯೆಯು ಬೆಳಗೊಳದ ಜೈನ ಶಾಸನಗಳಲ್ಲಿ ವ್ರತ ಹಿಡಿದು ದೇಹ ತ್ಯಜಿಸಿದವರ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ರಾಣಿ ಸಲ್ಲೇಖನ ವ್ರತ ಕೈಗೊಂಡಿರಬಹುದೆಂಬ ಅಭಿಪ್ರಾಯಕ್ಕೂ ಎಡೆಯಿದೆ. ಜೈನಳಾದ ರಾಣಿ ಶೈವಕ್ಷೇತ್ರದಲ್ಲಿ ಕೊನೆಯುಸಿರೆಳೆದದ್ದು ವಿಚಿತ್ರವೆನಿಸಬಹುದು. ಶಿವಭಕ್ತ ತಂದೆಯ ಮಗಳಿಗೆ ಆ ಕ್ಷೇತ್ರ ಅನ್ಯವಾಗಿರಲಾರದು.

ಅದೇ ಶಾಸನ ತಾಯಿಯ ದುಃಖವನ್ನು ಹೆಚ್ಚು ವಿಸ್ತಾರವಾಗಿ ಹೇಳುತ್ತದೆ. ಮಗಳಿಲ್ಲದ ಮೇಲೆ ತಾನೂ ಉಳಿಯಲಾರೆನೆಂದು ನಿಶ್ಚಯಿಸಿದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳನ್ನು ಬೀಳ್ಕೊಟ್ಟು, ಜಿನಧ್ಯಾನದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಮಾಧಿಮರಣ ಹೊಂದಿದಳು. ಬೆಟ್ಟದ ಮೇಲೆ ಈ ತಾಯಿಯನ್ನು ನೆನೆಯುವವರು ವಿರಳ.

ವ್ಯಾಯಾಮಪಟುವಾಗಿ ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ಕೆ.ವಿ. ಅಯ್ಯರ್ ಅವರ ಕಾದಂಬರಿ ‘ಶಾಂತಲಾ’, ಸಿ.ಕೆ. ನಾಗರಾಜರಾಯರ ಬೃಹತ್ ಕಾದಂಬರಿ ‘ಪಟ್ಟಮಹಾದೇವಿ ಶಾಂತಲದೇವಿ’ ಈ ರಾಣಿಯನ್ನು ಕನ್ನಡಿಗರ ಮನೆಮನೆಗೆ ತಲುಪಿಸಿದವು. ಕಾದಂಬರಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ. ಇತಿಹಾಸಕ್ಕೆ ಶಾಸನವೇ ಪ್ರಮಾಣ.

ಶಿವಗಂಗೆಯನ್ನು ಏರುವವರು ಬೆಳಗಿನ ತಂಪಿನಲ್ಲೇ ಹೊರಟು, ನೀರನ್ನೊಯ್ದು, ಕೋತಿಗಳ ಕಣ್ಣಿಗೆ ಬೀಳದಂತೆ ತಿಂಡಿಯ ಚೀಲ ಕಟ್ಟಿಕೊಳ್ಳುವುದು ಒಳಿತು. ತುದಿಯ ಅಂಚಿಗೆ ಹೋಗಿ ಇಣುಕುವ ಸಾಹಸ ಯಾರಿಗೂ ಬೇಡ. ಅಲ್ಲಿ ನಿಂತು ನೆನೆಯಲೇಬೇಕೆಂದರೆ ಹಾಡಿದ, ಕುಣಿದ, ಗುಡಿ ಬಸದಿಗಳನ್ನು ಕಟ್ಟಿಸಿದ, ಗಂಡನ ಮತ ಬದಲಾದರೂ ತನ್ನ ನಂಬಿಕೆಯನ್ನು ಕಾಪಾಡಿಕೊಂಡ ಶಾಂತಲೆಯನ್ನು ನೆನೆಯಬಹುದು. ಇಂತಹ ತುಂಬು ಬಾಳನ್ನು ಒಂದು ಪ್ರಪಾತದ ಹೆಸರಿಗೆ ಇಳಿಸುವುದು ಆಕೆಗೆ ಮಾಡುವ ಅನ್ಯಾಯವೇ ಸರಿ.