ಎಲೆನ್ ವೈಟ್

ನನ್ನ ತಾಯಿ ಹೆಬ್ಬೆಟ್ಟು ಒತ್ತುವವಳು. ಎಲೆನ್ ವೈಟಳ ಬಾಳು ನನ್ನನ್ನು ಸೆಳೆದದ್ದು ಆ ಕಾರಣದಿಂದಲೇ.

ಅಮೆರಿಕೆಯ ಮೇನ್ ಪ್ರಾಂತದಲ್ಲಿ 1827ರಲ್ಲಿ, ಟೋಪಿ ಮಾಡುವವನೊಬ್ಬನ ಮನೆಯಲ್ಲಿ ಆಕೆ ಹುಟ್ಟಿದಳು. ಒಂಬತ್ತರ ಪ್ರಾಯದಲ್ಲಿ ಸಹಪಾಠಿ ಎಸೆದ ಕಲ್ಲು ಮುಖಕ್ಕೆ ತಗುಲಿತು. ಕೈ ನಡುಗಿ ಬರೆಯಲಾಗದಾಯಿತು, ಶಾಲೆ ನಿಂತಿತು. ಮತ್ತೆ ಸೇರಿದರೂ ಮುಂದುವರಿಯಲಾಗಲಿಲ್ಲ.

ವಿಲಿಯಂ ಮಿಲ್ಲರನ ಬೋಧನೆಯನ್ನು ನಂಬಿದವರೊಡನೆ ಆಕೆಯೂ 1844ರ ಅಕ್ಟೋಬರ್ 22ರಂದು ಕ್ರಿಸ್ತನ ಪುನರಾಗಮನಕ್ಕೆ ಕಾದಳು. ಆ ದಿನ ಬರಿದೇ ಕಳೆಯಿತು. ಅನೇಕರು ನಂಬಿಕೆ ತೊರೆದರು. ಎಲೆನ್ ತನಗೆ ದರ್ಶನಗಳಾದುವೆಂದು ಸಾರತೊಡಗಿದಳು. 1846ರಲ್ಲಿ ಜೇಮ್ಸ್ ವೈಟನನ್ನು ವರಿಸಿದಳು. ಇಬ್ಬರ ದುಡಿಮೆಯ ಫಲವಾಗಿ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಸಂಘಟಿತವಾಯಿತು.

1881ರಲ್ಲಿ ಪತಿ ತೀರಿಕೊಂಡರೂ ಆಕೆ ಲೇಖನಿ ಕೆಳಗಿಡಲಿಲ್ಲ. ಆಸ್ಟ್ರೇಲಿಯದಲ್ಲಿದ್ದಾಗ, 1898ರಲ್ಲಿ, ಕ್ರಿಸ್ತನ ಜೀವನವನ್ನು ಕುರಿತ ‘ದಿ ಡಿಸೈರ್ ಆಫ್ ಏಜಸ್’ ಹೊರಬಂದಿತು. ಸಹಾಯಕರು ಆಕೆಯ ಭಾಷೆ ತಿದ್ದುತ್ತಿದ್ದರು. ಅನ್ಯರ ಗ್ರಂಥಗಳಿಂದ ಎತ್ತಿಕೊಂಡಳೆಂಬ ಆಕ್ಷೇಪಣೆಯೂ ಉಂಟು. ಅದನ್ನು ಮರೆಮಾಚುವುದು ಸಲ್ಲದು. 1915ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಣ್ಮುಚ್ಚಿದಳು.

ದರ್ಶನಗಳ ವಿಚಾರ ನಂಬುವವರಿಗೆ ಬಿಟ್ಟದ್ದು. ನನಗೆ ಕಾಣುವುದು ಆ ನಡುಗುವ ಕೈ. ಕಳೆದ ರಜೆಯಲ್ಲಿ ತಾಯಿಗೆ ಈ ಕಥೆ ಹೇಳಿದೆ. ಆಕೆ ಏನೂ ಅನ್ನಲಿಲ್ಲ. ಮರುದಿನ ಒಲೆಯ ಮುಂದೆ ಕುಳಿತು, ಇದ್ದಿಲಿನಿಂದ ತನ್ನ ಹೆಸರಿನ ಮೊದಲಕ್ಷರವನ್ನು ತೋರಿಸಿಕೊಡೆಂದಳು.