ಲಾಲಾ ದೀನ್ ದಯಾಳ್: ಪಿಡಬ್ಲ್ಯುಡಿ ಕಚೇರಿಯಿಂದ ನಿಜಾಮರ ಸ್ಟುಡಿಯೋವರೆಗೆ

ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದಲ್ಲಿ ತುಂಗಭದ್ರೆಯ ದಡಕ್ಕೆ ನಿಂತು ನೋಡಿದರೆ ಎದುರಿಗೆ ಕಾಣೋದು ರಾಯಚೂರು ಜಿಲ್ಲೆ. ಈಗ ಎರಡೂ ದಡ ಕರ್ನಾಟಕವೇ. ಆದರೆ 1900ರ ಹೊತ್ತಿಗೆ ಹಾಗಿರಲಿಲ್ಲ. ಈ ದಡ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆ, ಆ ದಡ ಹೈದರಾಬಾದ್ ನಿಜಾಮರ ರಾಜ್ಯ. ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರೆಲ್ಲ ಆಗ ನಿಜಾಮರ ಪ್ರಜೆಗಳು. ಆ ನಿಜಾಮರನ್ನು, ಅವರ ಅರಮನೆ, ಬೇಟೆ, ದರ್ಬಾರುಗಳನ್ನು ಇವತ್ತು ನಾವು ಫೋಟೊಗಳಲ್ಲಿ ನೋಡ್ತೀವಲ್ಲ, ಅವುಗಳಲ್ಲಿ ಬಹುಪಾಲು ತೆಗೆದದ್ದು ಒಂದೇ ಕುಟುಂಬದ ಸ್ಟುಡಿಯೋ. ಅದನ್ನು ಕಟ್ಟಿದವರು ಲಾಲಾ ದೀನ್ ದಯಾಳ್. ನಮಗೆ ಕುತೂಹಲ ಹುಟ್ಟಿಸುವ ಸಂಗತಿ ಏನಂದ್ರೆ, ಅವರು ಓದಿದ್ದು ಸಿವಿಲ್ ಎಂಜಿನಿಯರಿಂಗ್.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧನಾ ಎಂಬ ಊರಲ್ಲಿ, ಆಭರಣ ವ್ಯಾಪಾರದ ಜೈನ ಕುಟುಂಬದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ. ಅದೇ ಕಾಲೇಜು ಈಗಿನ ಐಐಟಿ ರೂರ್ಕಿ. 1866ರಲ್ಲಿ, 22ನೇ ವಯಸ್ಸಿಗೆ, ಇಂದೋರ್‌ನ ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್ ಆಗಿ ಸೇರಿದರು. ಅಂದರೆ ನಕ್ಷೆ ಬರೆಯೋದು, ಕಟ್ಟಡಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕೋದು. ಸರ್ಕಾರಿ ಕೆಲಸ, ತಿಂಗಳಿಗೆ ಸಂಬಳ. ಮನೆಯವರಿಗೆ ಇನ್ನೇನು ಬೇಕು?

1874ರ ಸುಮಾರಿಗೆ ಅವರಿಗೆ ಕ್ಯಾಮೆರಾ ಹುಚ್ಚು ಹಿಡಿಯಿತು. ಆಗಿನ ಫೋಟೊಗ್ರಫಿ ಅಂದರೆ ಬಟನ್ ಒತ್ತುವ ಕೆಲಸ ಅಲ್ಲ, ಅರ್ಧ ಕೆಮಿಸ್ಟ್ರಿ ಲ್ಯಾಬು. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಹಚ್ಚಬೇಕು, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಬೇಕು, ಅದು ಒಣಗುವುದರೊಳಗೆ ಕ್ಯಾಮೆರಾಕ್ಕೆ ಹಾಕಿ ಚಿತ್ರ ತೆಗೆದು, ಮತ್ತೆ ಕತ್ತಲೆಗೆ ಓಡಿ ತೊಳೆಯಬೇಕು. ಇರೋದು ಕೆಲವೇ ನಿಮಿಷ. ಊರ ಹೊರಗೆ ಫೋಟೊ ತೆಗೀಬೇಕಂದ್ರೆ ಕತ್ತಲ ಡೇರೆ, ರಾಸಾಯನಿಕದ ಬಾಟಲಿ, ನೀರು, ಗಾಜು ಎಲ್ಲ ಗಾಡಿ ಮೇಲೆ ಹೇರಿಕೊಂಡು ಹೋಗಬೇಕು. ದೊಡ್ಡದು ಮಾಡಿ ಪ್ರಿಂಟ್ ಹಾಕೋ ರೂಢಿಯೂ ಇಲ್ಲ. ಎಷ್ಟು ದೊಡ್ಡ ಫೋಟೊ ಬೇಕೋ ಅಷ್ಟೇ ದೊಡ್ಡ ಗಾಜಿನ ನೆಗೆಟಿವ್ ಬೇಕು, ಅದಕ್ಕೆ ತಕ್ಕ ಕ್ಯಾಮೆರಾ ಬೇಕು. ಪ್ರಿಂಟ್ ಹಾಕುವ ಕಾಗದಕ್ಕೆ ಹಚ್ಚುತ್ತಿದ್ದದ್ದು ಮೊಟ್ಟೆಯ ಬಿಳಿ.

ಇಂದೋರ್‌ನ ಮಹಾರಾಜ ಎರಡನೇ ತುಕೋಜಿ ರಾವ್ ಹೋಳ್ಕರ್ ಇವರಿಗೆ ಬೆನ್ನು ತಟ್ಟಿದರು. ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಅವರ ಪರಿಚಯವೂ ಆಯಿತು. 1875-76ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಭಾರತಕ್ಕೆ ಬಂದಾಗ ಅವರ ಫೋಟೊ ತೆಗೆಯುವ ಅವಕಾಶ ಸಿಕ್ಕಿತು. ಆಮೇಲೆ 1882-83ರಲ್ಲಿ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಬುಂದೇಲಖಂಡದ ಕಡೆ ಸುತ್ತಿ ಕೋಟೆ, ದೇವಸ್ಥಾನಗಳ ಚಿತ್ರ ತೆಗೆದರು. ಇಂಥ ಚಿತ್ರಗಳು 1886ರಲ್ಲಿ ಮಧ್ಯಭಾರತದ ಸ್ಮಾರಕಗಳ ಬಗೆಗಿನ ದೊಡ್ಡ ಪುಸ್ತಕವಾಗಿ ಬಂದವು. ಆ ಫೋಟೊಗಳನ್ನು ನೋಡಿದರೆ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತಿದ್ದ ಕಣ್ಣು ಗೊತ್ತಾಗುತ್ತೆ. ಕಂಬ ವಾಲಿಲ್ಲ, ಗೆರೆ ತಪ್ಪಿಲ್ಲ.

ಇಷ್ಟೆಲ್ಲ ಆಗುವಾಗಲೂ ಅವರು ನೌಕರಿ ಬಿಟ್ಟಿರಲಿಲ್ಲ ಅನ್ನೋದನ್ನ ಗಮನಿಸಬೇಕು. 1885ರಲ್ಲಿ ವೈಸರಾಯ್ ಡಫರಿನ್ ಅವರ ಫೋಟೊಗ್ರಾಫರ್ ಆಗಿ ನೇಮಕವಾದರು. ಮೊದಲು ದೀರ್ಘ ರಜೆ ಹಾಕಿದರು, ಫೋಟೊಗ್ರಫಿಯಿಂದ ಮನೆ ನಡೆಯುತ್ತೆ ಅಂತ ಖಾತ್ರಿಯಾದ ಮೇಲೆ ಕೆಲಸದಿಂದ ನಿವೃತ್ತಿ ಪಡೆದರು. ನೌಕರಿ ಹಿಡಿದು ಸುಮಾರು ಇಪ್ಪತ್ತು ವರ್ಷ ಆಗಿತ್ತು. ಎಸ್ಟಿಮೇಟ್ ಹಾಕದೆ ಅಡಿಪಾಯ ತೋಡಿದವರಲ್ಲ.

ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಸೇರಿದ ಮೇಲೆ ಸಿಕಂದರಾಬಾದ್‌ನಲ್ಲಿ ಸ್ಟುಡಿಯೋ ತೆರೆಯಿತು. ಇಲ್ಲಿಂದ ಇದು ಒಬ್ಬರ ಹವ್ಯಾಸವಾಗಿ ಉಳಿಯದೆ ಕುಟುಂಬದ ವ್ಯವಹಾರವಾಯಿತು. ಮಕ್ಕಳಾದ ಜ್ಞಾನ್ ಚಂದ್ ಮತ್ತು ಧರಮ್ ಚಂದ್ ಕೈ ಜೋಡಿಸಿದರು. ಸಂಸ್ಥೆಯ ಹೆಸರಲ್ಲೇ ಮಕ್ಕಳೂ ಸೇರಿಕೊಂಡರು: ರಾಜಾ ದೀನ್ ದಯಾಳ್ ಅಂಡ್ ಸನ್ಸ್.

ಇದು ಬೆಳೆಯೋಕೆ ತಂತ್ರಜ್ಞಾನವೂ ಕಾರಣ. 1880ರ ದಶಕದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಒಣ ಗಾಜಿನ ಪ್ಲೇಟುಗಳು ಬಳಕೆಗೆ ಬಂದವು. ತೆಗೆದ ಕೂಡಲೇ ತೊಳೆಯಬೇಕೆಂಬ ಕಟ್ಟು ಹೋಯಿತು. ಒಬ್ಬರು ಹೊರಗೆ ಹೋಗಿ ಚಿತ್ರ ತೆಗೆಯಬಹುದು, ಇನ್ನೊಬ್ಬರು ಸ್ಟುಡಿಯೋದಲ್ಲಿ ತೊಳೆಯಬಹುದು, ಮತ್ತೊಬ್ಬರು ಪ್ರಿಂಟ್ ಹಾಕಬಹುದು. ಕೆಲಸ ಹಂಚಬಹುದು ಅಂದ ಮೇಲೆ ಸ್ಟುಡಿಯೋಗಳನ್ನೂ ಹೆಚ್ಚಿಸಬಹುದು. ನೆಗೆಟಿವ್‌ಗಳಿಗೆ ನಂಬರ್ ಹಾಕಿ ಇಡುವ ಪದ್ಧತಿ ಇತ್ತು, ಹಾಗಾಗಿ ಹಳೇ ಗಿರಾಕಿ ಬಂದು ಕೇಳಿದರೆ ಮತ್ತೆ ಪ್ರಿಂಟ್ ತೆಗೆದುಕೊಡಬಹುದಿತ್ತು.

1892ರಲ್ಲಿ ಹೈದರಾಬಾದ್‌ನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ಶುರುಮಾಡಿದರು. ಪರದೆಯಲ್ಲಿರುವ ಮನೆತನದ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕೂತು ಫೋಟೊ ತೆಗೆಸಿಕೊಳ್ಳೋದು ಆಗ ಆಗದ ಮಾತು. ಅದಕ್ಕೇ ಎತ್ತರದ ಗೋಡೆಯ ಒಳಗೆ ಸ್ಟುಡಿಯೋ, ಅದನ್ನು ನಡೆಸೋಕೆ ಕೆನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಅಲ್ಲಿಯವರೆಗೆ ಫೋಟೊದಲ್ಲಿ ಮನೆಯ ಗಂಡಸರಷ್ಟೇ ಇರುತ್ತಿದ್ದ ಮನೆತನಗಳ ಹೆಂಗಸರಿಗೂ ತಮ್ಮದೊಂದು ಚಿತ್ರ ಸಿಗುವಂತಾಯಿತು. 1894ರಲ್ಲಿ ನಿಜಾಮರು ದೀನ್ ದಯಾಳ್‌ಗೆ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದರೆ ಚಿತ್ರ ಮಾಡುವವ. 1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೋ ತೆರೆಯಿತು. ರಾಣಿ ವಿಕ್ಟೋರಿಯಾ ಅವರ ಫೋಟೊಗ್ರಾಫರ್ ಎಂದು ಹೇಳಿಕೊಳ್ಳುವ ಅಧಿಕೃತ ಮನ್ನಣೆಯೂ ಸಿಕ್ಕಿತು.

ಅರಮನೆಯ ವೈಭವವನ್ನಷ್ಟೇ ಈ ಸ್ಟುಡಿಯೋ ತೆಗೆಯಲಿಲ್ಲ. 1899-1900ರ ಬರಗಾಲದಲ್ಲಿ ಔರಂಗಾಬಾದ್ ಕಡೆಯ ಪರಿಹಾರ ಕಾಮಗಾರಿಗಳ ಚಿತ್ರಗಳೂ ಇದರ ಸಂಗ್ರಹದಲ್ಲಿವೆ. ಆದರೆ ಅವೂ ಸರ್ಕಾರ ಮಾಡಿದ ಒಳ್ಳೆ ಕೆಲಸ ತೋರಿಸೋಕೆ ತೆಗೆದವು ಅನ್ನೋದು ನೆನಪಿರಲಿ. ಗಿರಾಕಿ ಯಾರೋ, ಚಿತ್ರ ಅವರಿಗೆ ಬೇಕಾದ ಹಾಗೆ.

ಅದೇ ಈ ಸ್ಟುಡಿಯೋದ ಬಲವೂ ಹೌದು, ಸೋಲೂ ಹೌದು. ದೊಡ್ಡ ಗಿರಾಕಿ ಒಬ್ಬರೇ, ನಿಜಾಮರು. ದುಡಿಯುವ ಮುಖ್ಯ ಕೈಗಳೂ ಒಂದೇ ಮನೆಯವು. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡರು. ಮರುವರ್ಷ, 1905ರ ಜುಲೈನಲ್ಲಿ, ದೀನ್ ದಯಾಳ್ ಕೂಡ ಹೋದರು. 1911ರಲ್ಲಿ ನಿಜಾಮರೂ ತೀರಿಕೊಂಡರು. ಉಳಿದದ್ದು ಜ್ಞಾನ್ ಚಂದ್. ಏಳು ವರ್ಷದಲ್ಲಿ ಮೂರು ಆಧಾರ ಹೋದ ಮೇಲೆ ಸ್ಟುಡಿಯೋ ಮೊದಲಿನ ಎತ್ತರಕ್ಕೆ ಮತ್ತೆ ಏರಲಿಲ್ಲ.

ಆದರೂ ಮನೆಯವರು ಗಾಜುಗಳನ್ನು ಎಸೆಯಲಿಲ್ಲ. ಒಡೆಯುವ, ಜಾಗ ತಿನ್ನುವ, ಭಾರವಾದ ಗಾಜುಗಳು. ತಲೆಮಾರುಗಳ ಕಾಲ ಕಾದಿಟ್ಟ ಆ ಸಂಗ್ರಹದ 2,857 ನೆಗೆಟಿವ್‌ಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದುಕೊಂಡಿತು. 2006ರಲ್ಲಿ ದೀನ್ ದಯಾಳ್ ಹೆಸರಲ್ಲಿ ಅಂಚೆ ಚೀಟಿ ಬಂತು.

ನಮ್ಮ ಕಡೆ ಮದುವೆಗಳಲ್ಲಿ ಈಗಲೂ ಅಪ್ಪ ಸ್ಟಿಲ್ ಕ್ಯಾಮೆರಾ ಹಿಡಿದಿರ್ತಾನೆ, ದೊಡ್ಡ ಮಗ ವಿಡಿಯೋ, ಸಣ್ಣವನು ಡ್ರೋನ್ ಹಾರಿಸ್ತಿರ್ತಾನೆ, ಮನೆಯಲ್ಲಿ ಸೊಸೆ ಆಲ್ಬಮ್ ಡಿಸೈನ್ ಮಾಡ್ತಿರ್ತಾಳೆ. ಅವರ ಹಾರ್ಡ್ ಡಿಸ್ಕ್‌ಗಳಲ್ಲಿ ಊರಿಗೆ ಊರೇ ಇದೆ. ನೂರು ವರ್ಷ ಆದ ಮೇಲೆ ಅದರಲ್ಲಿ ಎಷ್ಟು ತೆರೆದುಕೊಳ್ಳುತ್ತೆ? ಫೈಲಿಗೆ ಹೆಸರು, ತಾರೀಖು ಹಾಕಿದವರು ಎಷ್ಟು ಜನ? ಕಂಪ್ಯೂಟರ್ ಸೈನ್ಸ್ ಓದುವ ಗೆಳೆಯರು ರಜೆಗೆ ಊರಿಗೆ ಹೋದಾಗ ಅಂಥ ಒಂದು ಸ್ಟುಡಿಯೋದ ಹಳೇ ಫೋಟೊಗಳನ್ನು ಜೋಡಿಸಿ, ನಂಬರ್ ಹಾಕಿ, ಇನ್ನೊಂದು ಕಡೆ ಕಾಪಿ ಮಾಡಿಟ್ಟರೆ ಅದೂ ಎಂಜಿನಿಯರಿಂಗೇ. ದೀನ್ ದಯಾಳ್ ಮಾಡಿದ್ದು ಅದನ್ನೇ, ಗಾಜಿನ ಮೇಲೆ.